ಡಿಪ್ಲೊಮಾದಿಂದ ನೇರ ಎರಡನೇ ವರ್ಷದ ಎಂಜಿನಿಯರಿಂಗ್‌ಗೆ: ಎಂ-3ಕ್ಕೆ ಮುಂಚೆ ಯಾವ ಗಣಿತ ಕಲಿತಿರಬೇಕು?

ಪ್ರಶ್ನೆ: ಡೊಂಬಿವಲಿಯ ಅಕ್ಕ

ಎಲ್ಲರಿಗೂ ನಮಸ್ಕಾರ. ನನ್ನ ತಮ್ಮನ ಪರವಾಗಿ ಈ ಪ್ರಶ್ನೆ ಕೇಳುತ್ತಿದ್ದೇನೆ. ಅವನು ಹತ್ತನೆಯ ತರಗತಿಯವರೆಗೆ ಮುಂಬಯಿಯಲ್ಲೇ ಕನ್ನಡ ಮಾಧ್ಯಮದಲ್ಲಿ ಓದಿ, ಆಮೇಲೆ ಮೂರು ವರ್ಷ ಎಲೆಕ್ಟ್ರಿಕಲ್ ಡಿಪ್ಲೊಮಾ ಮಾಡಿ, ಈಗ ಮುಂಬಯಿ ವಿಶ್ವವಿದ್ಯಾಲಯದ ಅಧೀನದಲ್ಲಿರುವ ಒಂದು ಕಾಲೇಜಿನಲ್ಲಿ ನೇರವಾಗಿ ಎರಡನೇ ವರ್ಷದ ಎಂಜಿನಿಯರಿಂಗ್‌ಗೆ ಪ್ರವೇಶ ಪಡೆದಿದ್ದಾನೆ. ತರಗತಿಗೆ ಹಾಜರಾಗಲು ಇನ್ನೂ ಸುಮಾರು ಆರು ವಾರ ಉಳಿದಿದೆ. ಹೋದ ಕೂಡಲೇ ಎಂ-3, ಅಂದರೆ ಎಂಜಿನಿಯರಿಂಗ್ ಗಣಿತದ ಮೂರನೆಯ ಪತ್ರಿಕೆ ಎದುರಾಗುತ್ತದೆ ಎಂದು ಕೇಳಿದಂದಿನಿಂದ ಅವನಿಗೆ ನಿದ್ದೆ ಸರಿಯಾಗಿ ಬರುತ್ತಿಲ್ಲ.

ಡಿಪ್ಲೊಮಾದಲ್ಲಿ ಗಣಿತದ ಪತ್ರಿಕೆ ಮೊದಲ ವರ್ಷಕ್ಕೇ ಮುಗಿದುಹೋಗಿತ್ತು. ಅದಾದ ಮೇಲೆ ಎರಡು ವರ್ಷ ಅವನು ಟ್ರಾನ್ಸ್‌ಫಾರ್ಮರ್, ಮೋಟಾರು, ಸ್ವಿಚ್‌ಗಿಯರ್ ಓದಿದನೇ ಹೊರತು ಗಣಿತದ ಪುಸ್ತಕ ತೆರೆಯಲಿಲ್ಲ. ಹನ್ನೊಂದು, ಹನ್ನೆರಡನೆಯ ತರಗತಿ ಮಾಡಿ ಬಂದವರು ಎಂ-1, ಎಂ-2 ಎರಡನ್ನೂ ಮೊದಲ ವರ್ಷದಲ್ಲಿ ಬರೆದಿರುತ್ತಾರೆ. ಇವನಿಗೆ ಆ ಪತ್ರಿಕೆಗಳಿಂದ ವಿನಾಯಿತಿ ಇದೆ. ವಿನಾಯಿತಿ ಸಿಕ್ಕಿದ್ದು ಪರೀಕ್ಷೆಯಿಂದ ಮಾತ್ರ, ವಿಷಯ ಯಾರೂ ಕಲಿಸಲಿಲ್ಲವಲ್ಲ ಎಂಬುದೇ ನಮ್ಮ ಚಿಂತೆ. ಸ್ಟೇಷನ್ ಹತ್ತಿರದ ಒಂದು ಕ್ಲಾಸಿನವರು ಮೂರು ಪತ್ರಿಕೆಗಳನ್ನೂ ಒಟ್ಟಿಗೆ ಕಲಿಸುತ್ತೇವೆ ಎನ್ನುತ್ತಾರೆ, ಆದರೆ ಅವರು ಹೇಳುವ ಶುಲ್ಕ ಮುಂಬಯಿಯ ಕೋಟೆ (ಫೋರ್ಟ್) ಪ್ರದೇಶದ ಹೋಟೆಲಿನಲ್ಲಿ ಗಲ್ಲೆಯ (ಹಣದ ಪೆಟ್ಟಿಗೆಯ) ಮೇಲೆ ಕೂರುವ ನಮ್ಮ ತಂದೆಯವರ ಒಂದು ತಿಂಗಳ ಸಂಬಳಕ್ಕಿಂತ ಹೆಚ್ಚು.

ಈ ಆರು ವಾರಗಳಲ್ಲಿ ನಿಜವಾಗಿ ಏನನ್ನು ಕಲಿಯಲೇಬೇಕು, ಯಾವ ಕ್ರಮದಲ್ಲಿ ಕಲಿಯಬೇಕು, ಏನನ್ನು ಸದ್ಯಕ್ಕೆ ಬಿಡಬಹುದು ಎಂದು ಬಲ್ಲವರು ದಯವಿಟ್ಟು ತಿಳಿಸಿ. ಭಾಷೆಯದೂ ಒಂದು ತೊಡಕಿದೆ. ಅಪವರ್ತನ, ವರ್ಗಸಮೀಕರಣ ಎಂದರೆ ಅವನಿಗೆ ಅರ್ಥ ಹೊಳೆಯುತ್ತದೆ. ಇಂಗ್ಲಿಷ್ ಹೆಸರಿನಲ್ಲಿ ಕಲಿತದ್ದೆಲ್ಲ ಬರಿಯ ಸೂತ್ರವಾಗಿ ಉಳಿದಿದೆ.

ಉತ್ತರ: ವಾಶಿಯ ಮೇಷ್ಟ್ರು

ನವಿ ಮುಂಬಯಿಯ ಕಾಲೇಜುಗಳಲ್ಲಿ ಇಪ್ಪತ್ತು ವರ್ಷಕ್ಕಿಂತ ಹೆಚ್ಚು ಕಾಲ ಇದೇ ಪತ್ರಿಕೆಗಳನ್ನು ಕಲಿಸಿದ್ದೇನೆ. ನಿಮ್ಮ ತಮ್ಮನಂತೆ ಡಿಪ್ಲೊಮಾದಿಂದ ಬಂದ ಹುಡುಗರನ್ನು ಪ್ರತಿ ವರ್ಷ ಕಂಡಿದ್ದೇನೆ. ಅವರಲ್ಲಿ ಹಲವರು ಮೂರನೆಯ ವರ್ಷದ ಹೊತ್ತಿಗೆ ತರಗತಿಯ ಮೊದಲ ಸಾಲಿಗೆ ಬಂದಿದ್ದಾರೆ, ಕೆಲವರಿಗೆ ಎಂ-3ರ ಕೆಟಿ (ನಪಾಸಾಗಿ ಮುಂದಿನ ವರ್ಷಕ್ಕೆ ಉಳಿಯುವ ಬಾಕಿ) ಕೊನೆಯ ವರ್ಷದವರೆಗೂ ಬಿಡಲಿಲ್ಲ. ಈ ಎರಡು ಗುಂಪುಗಳ ನಡುವೆ ಬುದ್ಧಿಶಕ್ತಿಯ ವ್ಯತ್ಯಾಸ ನನಗೆ ಕಂಡಿಲ್ಲ. ಮೊದಲ ಗುಂಪಿನವರು ತಮಗೆ ಯಾವ ಮೆಟ್ಟಿಲು ಇಲ್ಲ ಎಂಬುದನ್ನು ಬೇಗ ಕಂಡುಕೊಂಡರು, ಅಷ್ಟೆ.

ಎಂ-1, ಎಂ-2 ಪೂರ್ತಿ ಓದಬೇಕೆಂಬ ಮಾತನ್ನು ನಂಬಬೇಡಿ. ಅವೆರಡೂ ಸೇರಿ ಒಂದಿಡೀ ವರ್ಷದ ಪಾಠ; ಅದನ್ನು ಆರು ವಾರದಲ್ಲಿ ನುಂಗಲು ಹೊರಟರೆ ಯಾವುದೂ ಜೀರ್ಣವಾಗುವುದಿಲ್ಲ. ಎಂ-3ರ ಪಠ್ಯವನ್ನು ಮುಂದಿಟ್ಟುಕೊಂಡು, ಅದರ ಒಂದೊಂದು ಅಧ್ಯಾಯ ಹಿಂದಿನ ಯಾವ ಕೌಶಲವನ್ನು ಬೇಡುತ್ತದೆ ಎಂದು ಕೇಳುತ್ತಾ ಹಿಂದಕ್ಕೆ ನಡೆಯಬೇಕು. ಎಲೆಕ್ಟ್ರಿಕಲ್ ಶಾಖೆಯ ಎಂ-3ರಲ್ಲಿ ಮುಖ್ಯವಾಗಿ ಲಾಪ್ಲಾಸ್ ರೂಪಾಂತರ, ಅದರ ವಿಲೋಮ, ಫೋರಿಯೇ ಶ್ರೇಣಿ ಮತ್ತು ಸಂಕೀರ್ಣ ಚರಗಳ ಫಲನಗಳು ಇರುತ್ತವೆ. ಸ್ವಾಯತ್ತ ಕಾಲೇಜುಗಳಲ್ಲಿ ಸ್ವಲ್ಪ ಹೆಚ್ಚುಕಡಿಮೆ ಇರುವುದರಿಂದ ಅವನ ಕಾಲೇಜಿನ ಪಠ್ಯಕ್ರಮವನ್ನು ಮೊದಲು ತರಿಸಿಕೊಳ್ಳಿ.

ಲಾಪ್ಲಾಸ್‌ನಿಂದ ಆರಂಭಿಸೋಣ. ಒಂದು ಫಲನವನ್ನು ಇ ಘಾತ ಋಣ ಎಸ್‌ಟಿಯಿಂದ ಗುಣಿಸಿ ಸೊನ್ನೆಯಿಂದ ಅನಂತದವರೆಗೆ ಅನುಕಲಿಸುವುದೇ (ಇಂಟಿಗ್ರೇಟ್ ಮಾಡುವುದೇ) ಲಾಪ್ಲಾಸ್ ರೂಪಾಂತರ. ಇದಕ್ಕೆ ಬೇಕಾದದ್ದು ಘಾತೀಯ ಫಲನದ ಅನುಕಲನ, ಮೇಲಿನ ಮಿತಿ ಅನಂತಕ್ಕೆ ಹೋದಾಗ ಆ ಪದ ಸೊನ್ನೆಯಾಗುತ್ತದೆ ಎಂಬ ತಿಳಿವು, ಮತ್ತು ಎರಡು ಫಲನಗಳ ಗುಣಲಬ್ಧವನ್ನು ಅನುಕಲಿಸುವ ವಿಧಾನ, ಅಂದರೆ ಇಂಟಿಗ್ರೇಷನ್ ಬೈ ಪಾರ್ಟ್ಸ್. ನಿಷ್ಪನ್ನದ (ಡೆರಿವೇಟಿವ್‌ನ) ರೂಪಾಂತರ ಎಸ್ ಗುಣಿಸು ಎಫ್ (ಮೂಲ ಫಲನದ ರೂಪಾಂತರ), ಕಳೆ ಆರಂಭದ ಬೆಲೆ ಎಂಬ ಸೂತ್ರವನ್ನು ಹುಡುಗರು ಬಾಯಿಪಾಠ ಮಾಡುತ್ತಾರೆ. ಅದೇ ವಿಧಾನವನ್ನು ಒಮ್ಮೆ ಹಚ್ಚಿದರೆ ಈ ಸೂತ್ರ ಮೂರು ಸಾಲಿನಲ್ಲಿ ತಾನಾಗಿ ಬಂದುಬಿಡುತ್ತದೆ.

ಕೆಟಿ ಹುಟ್ಟುವ ಜಾಗ ವಿಲೋಮ ಲಾಪ್ಲಾಸ್. ಅಲ್ಲಿ ಲಾಪ್ಲಾಸ್‌ನ ಕೆಲಸ ಕಡಿಮೆ, ಬೀಜಗಣಿತದ ಕೆಲಸ ಬಹಳ. ವೈ ನಿಷ್ಪನ್ನ + 2ವೈ = 1, ಆರಂಭದಲ್ಲಿ ವೈ ಸೊನ್ನೆ ಎಂಬ ಸಣ್ಣ ಲೆಕ್ಕವನ್ನೇ ನೋಡಿ. ರೂಪಾಂತರ ಮಾಡಿದರೆ ವೈಯ ರೂಪಾಂತರ 1 ಭಾಗಿಸು ಎಸ್(ಎಸ್ + 2) ಆಗುತ್ತದೆ. ಇದನ್ನು ಅರ್ಧ ಗುಣಿಸು (1/ಎಸ್ ಕಳೆ 1/(ಎಸ್ + 2)) ಎಂದು ಒಡೆಯಲು ಬಂದರೆ, ಉತ್ತರ ಅರ್ಧ ಗುಣಿಸು (1 ಕಳೆ ಇ ಘಾತ ಋಣ 2ಟಿ) ಎಂದು ಕಣ್ಣಿಗೇ ಕಾಣುತ್ತದೆ. ಒಡೆಯಲು ಬಾರದಿದ್ದರೆ ಲಾಪ್ಲಾಸ್ ಎಷ್ಟೇ ಚೆನ್ನಾಗಿ ಬರಲಿ, ಲೆಕ್ಕ ಅಲ್ಲಿಗೇ ನಿಲ್ಲುತ್ತದೆ. ಇನ್ನೊಂದು: ಛೇದದಲ್ಲಿ ಎಸ್ ವರ್ಗ + 4ಎಸ್ + 13 ಬಂದಾಗ ಅದು ಅಪವರ್ತಿಸಲಾಗದೆ ನಿಂತುಬಿಡುತ್ತದೆ, ಆಗ ಅದನ್ನು (ಎಸ್ + 2)ರ ವರ್ಗ + 9 ಎಂದು ಬರೆಯಬೇಕು. ವರ್ಗ ಪೂರ್ಣಗೊಳಿಸುವ ಈ ವಿಧಾನವನ್ನು ನಿಮ್ಮ ತಮ್ಮ ಶಾಲೆಯಲ್ಲಿ ಕನ್ನಡದಲ್ಲೇ ಕಲಿತಿದ್ದಾನೆ. ಪಾರ್ಷಿಯಲ್ ಫ್ರ್ಯಾಕ್ಷನ್ ಡಿಪ್ಲೊಮಾದ ಮೊದಲ ವರ್ಷದಲ್ಲಿತ್ತು. ಎರಡನ್ನೂ ಹೊಸದಾಗಿ ಕಲಿಯಬೇಕಾಗಿಲ್ಲ, ಕೈಗೆ ಮತ್ತೆ ಪಳಗಿಸಬೇಕು.

ಭಿನ್ನರಾಶಿಯನ್ನು ಒಡೆಯುವ ಈ ಕೆಲಸ ನಮ್ಮವರಿಗೆ ಹೊಸದಲ್ಲ ಎಂದು ಅವನಿಗೆ ಹೇಳಿ. ಒಂಬತ್ತನೆಯ ಶತಮಾನದಲ್ಲಿ ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯರು ಒಂದು ಭಿನ್ನರಾಶಿಯನ್ನು ಅಂಶದಲ್ಲಿ 1 ಇರುವ ಹಲವು ಭಿನ್ನರಾಶಿಗಳ ಮೊತ್ತವಾಗಿ ಬರೆಯುವ ನಿಯಮಗಳನ್ನು ಕೊಟ್ಟಿದ್ದಾರೆ. ಸಂಖ್ಯೆಗಳ ಜಾಗದಲ್ಲಿ ಬಹುಪದೋಕ್ತಿಗಳನ್ನು ಇಟ್ಟರೂ ಒಂದನ್ನು ಹಲವಾಗಿ ಒಡೆಯುವ ಆಲೋಚನೆ ಇದಕ್ಕೆ ಹತ್ತಿರದ್ದೇ. ನಾನು ತರಗತಿಯಲ್ಲಿ 1/6 ಎಂಬುದನ್ನು 1/2 ಕಳೆ 1/3 ಎಂದು ಬರೆಸಿ, ಆಮೇಲಷ್ಟೇ ಎಸ್‌ಗೆ ಹೋಗುತ್ತಿದ್ದೆ.

ಫೋರಿಯೇ ಶ್ರೇಣಿಗೆ ಬೇಕಾದದ್ದು ಮತ್ತೆ ಅದೇ ಬೈ ಪಾರ್ಟ್ಸ್, ಜೊತೆಗೆ ಸೈನ್ ಮತ್ತು ಕೊಸೈನ್‌ಗಳ ಗುಣಲಬ್ಧವನ್ನು ಮೊತ್ತವಾಗಿ ಬದಲಿಸುವ ತ್ರಿಕೋನಮಿತಿಯ ಸೂತ್ರಗಳು, ಮತ್ತು ಎನ್ ಪೂರ್ಣಾಂಕವಾಗಿದ್ದಾಗ ಕೊಸೈನ್ ಎನ್‌ಪೈ ಎಂದರೆ ಋಣ ಒಂದರ ಎನ್ ಘಾತ ಎಂಬ ಚಿಹ್ನೆಯ ಎಚ್ಚರ. ಸಂಕೀರ್ಣ ಚರಗಳಿಗೆ ಎಂ-1ರ ಎರಡು ಅಧ್ಯಾಯಗಳು ಬೇಕು: ಸಂಕೀರ್ಣ ಸಂಖ್ಯೆಗಳು ಮತ್ತು ಪಾರ್ಷಿಯಲ್ ಡಿಫರೆನ್ಷಿಯೇಷನ್. ಎರಡನೆಯದು ಹೆಸರಿಗೆ ಹೆದರಿಸುತ್ತದೆ. ಒಂದು ಚರವನ್ನು ಸ್ಥಿರವೆಂದು ಎಣಿಸಿ ಇನ್ನೊಂದಕ್ಕೆ ಅವಕಲಿಸುವುದಷ್ಟೇ (ಡಿಫರೆನ್ಷಿಯೇಟ್ ಮಾಡುವುದಷ್ಟೇ) ಆಗಿರುವುದರಿಂದ, ಸಂಕೀರ್ಣ ಫಲನಕ್ಕೆ ನಿಷ್ಪನ್ನವಿದೆಯೇ ಎಂದು ತೋರಿಸುವ ಕೌಶಿ–ರೀಮಾನ್ ಸಮೀಕರಣಗಳನ್ನು ಪರೀಕ್ಷಿಸುವಷ್ಟು ಅಭ್ಯಾಸ ನಾಲ್ಕು ದಿನದಲ್ಲಿ ಆಗುತ್ತದೆ.

ಸಂಕೀರ್ಣ ಸಂಖ್ಯೆಯಲ್ಲಿ ನಿಮ್ಮ ತಮ್ಮ ಹನ್ನೆರಡನೆಯ ತರಗತಿಯಿಂದ ಬಂದವರಿಗಿಂತ ಮುಂದಿದ್ದಾನೆ. 3 + ಜೆ4 ಓಮ್ ಇಂಪಿಡೆನ್ಸ್‌ಗೆ 230 ವೋಲ್ಟ್ ಕೊಟ್ಟರೆ ಎಷ್ಟು ಆಂಪಿಯರ್ ಹರಿಯುತ್ತದೆ ಎಂದು ಕೇಳಿ ನೋಡಿ. ಮಾಪಾಂಕ 5, ಕರೆಂಟು 46 ಆಂಪಿಯರ್, ಪವರ್ ಫ್ಯಾಕ್ಟರ್ 0.6 ಎಂದು ಅವನು ತಡವರಿಸದೆ ಹೇಳಬೇಕು. ಗಣಿತದವರು ಐ ಎನ್ನುವುದನ್ನು ಎಲೆಕ್ಟ್ರಿಕಲ್‌ನವರು, ಐ ಎಂಬ ಅಕ್ಷರ ಕರೆಂಟಿಗೆ ಹೋಗಿರುವ ಕಾರಣ, ಜೆ ಎನ್ನುತ್ತಾರೆ. ಬೇರೆಯವರು ಹಾಳೆಯ ಮೇಲೆ ಮಾತ್ರ ಕಂಡ ಸಂಖ್ಯೆಯನ್ನು ಇವನು ಪ್ರಯೋಗಾಲಯದ ಮೀಟರಿನಲ್ಲಿ ಓದಿದ್ದಾನೆ.

ಸದ್ಯಕ್ಕೆ ಬಿಡಬಹುದಾದವು: ಬೀಟಾ, ಗಾಮಾ ಫಲನಗಳು, ವಕ್ರರೇಖೆಗಳ ಚಿತ್ರಣ, ಲೈಬ್‌ನಿಟ್ಸ್‌ನ ಎನ್‌ನೆಯ ನಿಷ್ಪನ್ನ, ಬಹು ಅನುಕಲನ. ಇವು ಮುಂದೆ ಬೇಕಾದಾಗ ಕಲಿಯಲಿ. ಸ್ಥಿರ ಗುಣಾಂಕಗಳ ರೇಖೀಯ ಅವಕಲ ಸಮೀಕರಣ ಮಾತ್ರ ಎಂ-2ರಿಂದ ತಪ್ಪದೆ ತೆಗೆದುಕೊಳ್ಳಲಿ, ಏಕೆಂದರೆ ಲಾಪ್ಲಾಸ್ ಯಾವ ಸಮಸ್ಯೆಯನ್ನು ಬಿಡಿಸಲು ಬಂದಿದೆ ಎಂಬುದು ಅದಿಲ್ಲದೆ ತಿಳಿಯುವುದಿಲ್ಲ.

ಕ್ಲಾಸಿಗೆ ಹಣ ಕಟ್ಟುವ ಮೊದಲು ಒಂದು ಪರೀಕ್ಷೆ ಮಾಡಿ. ಒಡೆಯುವ ಮತ್ತು ವರ್ಗ ಪೂರ್ಣಗೊಳಿಸುವ ನಾಲ್ಕು ಲೆಕ್ಕ, ಬೈ ಪಾರ್ಟ್ಸ್‌ನ ನಾಲ್ಕು, ಸಂಕೀರ್ಣ ಸಂಖ್ಯೆಯ ನಾಲ್ಕು, ಹೀಗೆ ಹನ್ನೆರಡನ್ನು ಹಳೆಯ ಪುಸ್ತಕದಿಂದ ಆರಿಸಿ, ಒಂದು ಸಂಜೆ ಪುಸ್ತಕ ಮುಚ್ಚಿಟ್ಟು ಮಾಡಿಸಿ. ತಪ್ಪಾದ ಲೆಕ್ಕದಲ್ಲಿ ಯಾವ ಸಾಲಿನಲ್ಲಿ ತಪ್ಪಿತು ಎಂಬುದನ್ನು ಕೆಂಪು ಶಾಯಿಯಲ್ಲಿ ಗುರುತಿಸಲಿ. ಆ ಗುರುತುಗಳನ್ನು ನೋಡಿದರೆ ಮುಂದೇನು ಮಾಡಬೇಕೆಂದು ಹೇಳಬಹುದು.

ಉತ್ತರ: ಚಿಂಚವಾಡದ ಡಿಸೈನ್ ಎಂಜಿನಿಯರ್

ಮೇಷ್ಟ್ರು ಹೇಳಿದ್ದನ್ನು ನನ್ನ ಅನುಭವದಿಂದ ಅನುಮೋದಿಸುತ್ತೇನೆ. ನಾನೂ ಡಿಪ್ಲೊಮಾ ಮುಗಿಸಿ ಪುಣೆಯಲ್ಲಿ ಮೆಕ್ಯಾನಿಕಲ್ ಎರಡನೇ ವರ್ಷಕ್ಕೆ ಸೇರಿದವನು. ಮೊದಲ ಪ್ರಯತ್ನದಲ್ಲಿ ನನಗೆ ಎಂ-3 ಉಳಿದುಕೊಂಡಿತು. ಅದರ ಜೊತೆಗೆ ಬೇರೆ ವಿಷಯಗಳೂ ಉಳಿದಿದ್ದರೆ ವೈಡಿ (ಇಯರ್ ಡೌನ್) ಆಗಿ ಒಂದು ವರ್ಷ ಮನೆಯಲ್ಲಿ ಕೂರಬೇಕಾಗುತ್ತಿತ್ತು. ಉತ್ತರಪತ್ರಿಕೆಯ ನಕಲು ತರಿಸಿ ನೋಡಿದಾಗ ಹೆಚ್ಚಿನ ಲೆಕ್ಕಗಳಲ್ಲಿ ವಿಧಾನ ಸರಿಯಾಗಿಯೇ ಇತ್ತು, ಆವರಣ ಬಿಡಿಸುವಾಗ ಋಣ ಚಿಹ್ನೆ ಕೈತಪ್ಪಿತ್ತು.

ಗಣಿತ ಬಾರದಿದ್ದರೆ ಎಂ-3 ಒಂದೇ ಕಷ್ಟವಾಗುವುದಿಲ್ಲ ಎಂಬುದನ್ನು ಇದನ್ನು ಓದುವ ಮೆಕ್ಯಾನಿಕಲ್, ಸಿವಿಲ್ ವಿದ್ಯಾರ್ಥಿಗಳಿಗಾಗಿ ಸೇರಿಸುತ್ತೇನೆ. ಎರಡು ತುದಿಗಳಲ್ಲಿ ಆಧಾರವಿರುವ, ಉದ್ದಕ್ಕೂ ಸಮನಾದ ಭಾರ ಹೊತ್ತ ತೊಲೆ ನಡುವೆ ಎಷ್ಟು ಬಾಗುತ್ತದೆ ಎಂಬುದಕ್ಕೆ ಡಿಪ್ಲೊಮಾದಲ್ಲಿ ನಾವು 5 ಡಬ್ಲ್ಯು, ಎಲ್ ಘಾತ 4, ಭಾಗಿಸು 384 ಇಐ ಎಂದು ಕಂಠಪಾಠ ಮಾಡಿದ್ದೆವು (ಡಬ್ಲ್ಯು ಎಂದರೆ ಪ್ರತಿ ಮೀಟರಿನ ಭಾರ, ಎಲ್ ಎಂದರೆ ಉದ್ದ, ಇಐ ಎಂದರೆ ತೊಲೆ ಬಾಗದಂತೆ ತಡೆಯುವ ಬಿಗಿತ). ಈ 384 ಎಲ್ಲಿಂದ ಬಂತು ಎಂದು ಮೂರು ವರ್ಷ ನಾನು ಯಾರನ್ನೂ ಕೇಳಲಿಲ್ಲ, ಯಾರೂ ಹೇಳಲಿಲ್ಲ. ಭಾರವನ್ನು ಅನುಕಲಿಸಿದರೆ ಶಿಯರ್ ಫೋರ್ಸ್, ಅದನ್ನು ಅನುಕಲಿಸಿದರೆ ಬೆಂಡಿಂಗ್ ಮೊಮೆಂಟ್, ಅದನ್ನು ಇಐಯಿಂದ ಭಾಗಿಸಿ ಮತ್ತೊಮ್ಮೆ ಅನುಕಲಿಸಿದರೆ ಇಳಿಜಾರು, ಇನ್ನೊಮ್ಮೆ ಅನುಕಲಿಸಿದರೆ ಬಾಗು. ನಾಲ್ಕು ಬಾರಿ ಅನುಕಲಿಸಿದ್ದರಿಂದಲೇ ಉದ್ದಕ್ಕೆ ನಾಲ್ಕನೆಯ ಘಾತ ಬರುತ್ತದೆ, ಪ್ರತಿ ಮೀಟರಿನ ಭಾರ ಅಷ್ಟೇ ಇಟ್ಟು ತೊಲೆಯ ಉದ್ದವನ್ನು ಎರಡರಷ್ಟು ಮಾಡಿದರೆ ಬಾಗು ಹದಿನಾರರಷ್ಟಾಗುತ್ತದೆ. ನಾಲ್ಕು ಅನುಕಲನಗಳಿಂದ 24 ಬರುತ್ತದೆ, ನಡುವಿನ ಬಿಂದುವಾದ ಅರ್ಧ ಎಲ್‌ನ ನಾಲ್ಕನೆಯ ಘಾತದಿಂದ 16 ಬರುತ್ತದೆ, ಅವೆರಡರ ಗುಣಲಬ್ಧ 384.

ಅನುಕಲನದ ಕೊನೆಯಲ್ಲಿ ಹಾಕುವ ಸ್ಥಿರಾಂಕ ಸಿಯನ್ನು ನಾವು ಅಂಕ ಕಡಿತಕ್ಕೆ ಹೆದರಿ ಬರೆಯುತ್ತಿದ್ದೆವು. ತೊಲೆಯ ಎರಡೂ ತುದಿಯಲ್ಲಿ ಬಾಗೂ ಬೆಂಡಿಂಗ್ ಮೊಮೆಂಟೂ ಸೊನ್ನೆ ಎಂಬ ಸಂಗತಿಗಳಿಂದ ಆ ಸ್ಥಿರಾಂಕಗಳು ಸಿಗುತ್ತವೆ ಎಂದು ತಿಳಿದ ದಿನ ನನಗೆ ಅವಕಲ ಸಮೀಕರಣಗಳು ಅರ್ಥವಾಗತೊಡಗಿದವು. ಈಗ ಕಾರ್ಖಾನೆಯಲ್ಲಿ ಬಾಗಿನ ಲೆಕ್ಕವನ್ನು ಸಾಫ್ಟ್‌ವೇರ್ ಮಾಡುತ್ತದೆ ಎಂಬುದು ನಿಜ. ಆದರೆ ಆಧಾರದ ಷರತ್ತನ್ನು ತಪ್ಪಾಗಿ ಕೊಟ್ಟರೆ ಅದು ತಪ್ಪು ಉತ್ತರವನ್ನೂ ಅಷ್ಟೇ ಅಚ್ಚುಕಟ್ಟಾಗಿ ಬಣ್ಣ ಹಚ್ಚಿ ತೋರಿಸುತ್ತದೆ. ಅದನ್ನು ಹಿಡಿಯಲು ಕೈಲೆಕ್ಕ ಬೇಕೇ ಬೇಕು.

ಉತ್ತರ: ಪೋಂಡಾದಿಂದ ಒಬ್ಬ ಅಧ್ಯಾಪಕಿ

ಇಬ್ಬರ ಮಾತನ್ನೂ ಒಪ್ಪುತ್ತೇನೆ, ಆದರೆ ಕ್ರಮದ ವಿಚಾರದಲ್ಲಿ ನನ್ನದು ಸ್ವಲ್ಪ ಬೇರೆ ಅಭಿಪ್ರಾಯ. ಗೋವಾದಲ್ಲಿ ನಾನು ಕಲಿಸುವ ತರಗತಿಗಳಲ್ಲಿ ಡಿಪ್ಲೊಮಾದವರೂ ಇರುತ್ತಾರೆ, ಹನ್ನೆರಡನೆಯ ತರಗತಿಯಿಂದ ಬಂದವರೂ ಇರುತ್ತಾರೆ. ಕೈಚಳಕವಿದ್ದೂ ಫೋರಿಯೇ ಶ್ರೇಣಿಯ ಮುಂದೆ ದಿಕ್ಕು ತಪ್ಪುವವರನ್ನು ಎರಡೂ ಗುಂಪುಗಳಲ್ಲಿ ನೋಡಿದ್ದೇನೆ. ಕಾರಣವೇನೆಂದರೆ, ಫಲನ ಎಂದರೆ ಒಂದು ಸೂತ್ರ ಎಂದೇ ಅವರು ನಂಬಿರುತ್ತಾರೆ. ಸೊನ್ನೆಯಿಂದ ಪೈವರೆಗೆ +1, ಪೈಯಿಂದ ಎರಡು ಪೈವರೆಗೆ -1 ಎಂದು ಕೊಟ್ಟ ಕೂಡಲೇ, ಇದರಲ್ಲಿ ಎಷ್ಟು ಫಲನಗಳಿವೆ ಎಂದು ಕೇಳುತ್ತಾರೆ.

ಈ ಗೊಂದಲಕ್ಕೆ ವಿದ್ಯಾರ್ಥಿಗಳನ್ನು ದೂರುವಂತಿಲ್ಲ. ಇಂಥ ಫಲನಗಳನ್ನೂ ಸೈನ್, ಕೊಸೈನ್ ಅಲೆಗಳ ಮೊತ್ತವಾಗಿ ಬರೆಯಬಹುದು ಎಂದು ಫ್ರೆಂಚ್ ಗಣಿತಜ್ಞ ಫೋರಿಯೇ 1807ರಲ್ಲಿ ತನ್ನ ಪ್ರಬಂಧವನ್ನು ಪ್ಯಾರಿಸಿನಲ್ಲಿ ಮಂಡಿಸಿದಾಗ ಲಗ್ರಾಂಜ್‌ನಂಥ ಗಣಿತಜ್ಞನೇ ಅದನ್ನು ಒಪ್ಪಲಿಲ್ಲ. ಶಾಖದ ಕುರಿತ ಅವನ ಗ್ರಂಥ ಅಚ್ಚಾದದ್ದು 1822ರಲ್ಲಿ, ಯಾವ ಷರತ್ತುಗಳಿದ್ದರೆ ಈ ಶ್ರೇಣಿ ಫಲನಕ್ಕೆ ಸರಿಹೊಂದುತ್ತದೆ ಎಂದು ಡಿರಿಕ್ಲೆ ಸಾಧಿಸಿದ್ದು 1829ರಲ್ಲಿ. ನಮ್ಮ ಪರೀಕ್ಷೆಗಳಲ್ಲಿ ಡಿರಿಕ್ಲೆಯ ಷರತ್ತುಗಳು ಎರಡು ಅಂಕಗಳ ಪ್ರಶ್ನೆಯಾಗಿ ಬಂದುಹೋಗುತ್ತವೆ, ನನಗೆ ಅದು ಬೇಸರದ ಸಂಗತಿ.

ಆದ್ದರಿಂದ ಮೊದಲ ವಾರ ಅವನು ಲೆಕ್ಕ ಮಾಡುವುದಕ್ಕಿಂತ ಹೆಚ್ಚು ಚಿತ್ರ ಬರೆಯಲಿ. ಘಾತೀಯ ಫಲನ ಇಳಿಯುವುದನ್ನು, ಸೈನ್ ಅಲೆ ಸರಿದಾಗ ಕೊಸೈನ್ ಆಗುವುದನ್ನು, ಮೇಲೆ ಹೇಳಿದ ಚೌಕ ಅಲೆಯನ್ನು ಗ್ರಾಫ್ ಹಾಳೆಯ ಮೇಲೆ ಕೈಯಿಂದ ಬರೆಯಲಿ. ಆಮೇಲೆ ಮೊಬೈಲಿನಲ್ಲಿ ಉಚಿತವಾಗಿ ಸಿಗುವ ಜಿಯೋಜಿಬ್ರಾದಲ್ಲಿ ಸೈನ್ ಎಕ್ಸ್, ಅದಕ್ಕೆ ಸೈನ್ 3ಎಕ್ಸ್‌ನ ಮೂರನೆಯ ಒಂದು ಭಾಗ, ಅದಕ್ಕೆ ಸೈನ್ 5ಎಕ್ಸ್‌ನ ಐದನೆಯ ಒಂದು ಭಾಗ ಹೀಗೆ ಕೂಡಿಸುತ್ತಾ, ಮೊತ್ತವನ್ನು 4/ಪೈಯಿಂದ ಗುಣಿಸಿ ನೋಡಲಿ. ಅಲೆಗಳು ಒಂದೊಂದಾಗಿ ಸೇರಿ ಚೌಕವಾಗುವುದು ಕಣ್ಣೆದುರೇ ಕಾಣುತ್ತದೆ. ಜಿಗಿತದ ಪಕ್ಕದಲ್ಲಿ ಒಂದು ಪುಟ್ಟ ಕೊಂಬು ಮಾತ್ರ ಎಷ್ಟು ಪದ ಕೂಡಿಸಿದರೂ ಮಾಯವಾಗದೆ, ಜಿಗಿತದ ಸುಮಾರು ಶೇಕಡಾ 9ರಷ್ಟು ಎತ್ತರದಲ್ಲಿ ನಿಂತಿರುತ್ತದೆ; ಇದನ್ನು ಗಿಬ್ಸ್ ಪರಿಣಾಮ ಎನ್ನುತ್ತಾರೆ. ಎಲೆಕ್ಟ್ರಿಕಲ್‌ನವನಿಗೆ ಮೂರನೆಯ, ಐದನೆಯ ಹಾರ್ಮೊನಿಕ್ ಎಂಬ ಮಾತು ಪರಿಚಿತವೇ. ಟ್ರಾನ್ಸ್‌ಫಾರ್ಮರ್ ಪಾಠದಲ್ಲಿ ಕೇಳಿದ ಹಾರ್ಮೊನಿಕ್‌ಗಳು ಇವೇ ಎಂದು ತಿಳಿದರೆ ಅವನ ಹೆದರಿಕೆ ಅರ್ಧ ಇಳಿಯುತ್ತದೆ.

ಭಾಷೆಯ ಬಗ್ಗೆ ಕೇಳಿದ್ದೀರಿ. ತಾಂತ್ರಿಕ ಶಿಕ್ಷಣದ ಅಖಿಲ ಭಾರತ ಮಂಡಳಿಯಾದ ಎಐಸಿಟಿಇಯವರು ಮೊದಲ ವರ್ಷದ ಪಠ್ಯಪುಸ್ತಕಗಳನ್ನು ಕನ್ನಡವೂ ಸೇರಿದಂತೆ ಹಲವು ಭಾರತೀಯ ಭಾಷೆಗಳಲ್ಲಿ ತಮ್ಮ ಇ-ಕುಂಭ್ ತಾಣದಲ್ಲಿ ಉಚಿತವಾಗಿ ಇಟ್ಟಿದ್ದಾರೆ. ಕನ್ನಡದ ಪುಟ ಓದಿ ಅರ್ಥ ಮಾಡಿಕೊಂಡು, ಅದೇ ಲೆಕ್ಕವನ್ನು ಇಂಗ್ಲಿಷಿನಲ್ಲಿ ಬರೆಯುವ ಅಭ್ಯಾಸ ಮಾಡಲಿ, ಏಕೆಂದರೆ ಅವನ ಪರೀಕ್ಷೆ ಇರುವುದು ಇಂಗ್ಲಿಷಿನಲ್ಲಿ. ಒಂದು ನೋಟುಬುಕ್ಕಿನಲ್ಲಿ ಎಡಕ್ಕೆ ಕನ್ನಡದ ಪದ, ಬಲಕ್ಕೆ ಇಂಗ್ಲಿಷಿನ ಪದ, ಕೆಳಗೆ ಒಂದು ಉದಾಹರಣೆ ಬರೆದುಕೊಂಡರೆ ನಲವತ್ತು, ಐವತ್ತು ಪದಗಳಲ್ಲಿ ಕೆಲಸ ಮುಗಿಯುತ್ತದೆ.

ಮರುಮಾತು: ಡೊಂಬಿವಲಿಯ ಅಕ್ಕ

ಮೂವರಿಗೂ ಕೃತಜ್ಞತೆಗಳು. ಮೇಷ್ಟ್ರು ಹೇಳಿದಂತೆ ನಿನ್ನೆ ಸಂಜೆ ಹನ್ನೆರಡು ಲೆಕ್ಕಗಳನ್ನು ಮಾಡಿಸಿದೆ. ಸಂಕೀರ್ಣ ಸಂಖ್ಯೆಯ ನಾಲ್ಕೂ ಸರಿಯಾದವು. (1 + ಐ)ಯ ಎಂಟನೆಯ ಘಾತ 16 ಎಂಬುದನ್ನು ಅವನು ಕೋನ ಬಳಸಿ ಒಂದೇ ಸಾಲಿನಲ್ಲಿ ಬರೆದ. ಒಡೆಯುವ ಲೆಕ್ಕಗಳಲ್ಲಿ ಎರಡು ಸರಿ. ಛೇದದಲ್ಲಿ ಒಂದೇ ಅಪವರ್ತನ ಎರಡು ಬಾರಿ ಬಂದ ಕಡೆ ಮತ್ತು ಅಪವರ್ತಿಸಲಾಗದ ವರ್ಗಪದ ಬಂದ ಕಡೆ ತಪ್ಪಿದ. ಬೈ ಪಾರ್ಟ್ಸ್‌ನಲ್ಲಿ ಒಂದು ಮಾತ್ರ ಸರಿ. ಕೆಂಪು ಶಾಯಿಯ ಮೂರು ಗುರುತುಗಳಲ್ಲಿ ಎರಡು ಋಣ ಚಿಹ್ನೆಯ ಮೇಲೆ ಬಿದ್ದಿವೆ, ಚಿಂಚವಾಡದವರು ಬರೆದಂತೆಯೇ. ಮೂರನೆಯದು ಎಕ್ಸ್ ಕೊಸೈನ್ ಎನ್‌ಎಕ್ಸ್ ಅನ್ನು ಸೊನ್ನೆಯಿಂದ ಪೈವರೆಗೆ ಅನುಕಲಿಸುವ ಲೆಕ್ಕ. ಉತ್ತರ ಪುಸ್ತಕದಲ್ಲಿದ್ದಂತೆಯೇ ಬಂದಿದೆ, ಆದರೆ ಎನ್ ಸೊನ್ನೆಯಾದರೆ ಏನು ಎಂದು ಪುಸ್ತಕ ಕೇಳಿದ್ದಕ್ಕೆ ಅವನು ಸೊನ್ನೆ ಎಂದು ಬರೆದಿದ್ದಾನೆ. ಅದು ಏಕೆ ತಪ್ಪು ಎಂದು ನಮ್ಮಿಬ್ಬರಿಗೂ ತಿಳಿಯಲಿಲ್ಲ.

ಉತ್ತರ: ವಾಶಿಯ ಮೇಷ್ಟ್ರು

ಹನ್ನೆರಡರಲ್ಲಿ ಏಳು ಒಳ್ಳೆಯ ಆರಂಭ. ಕ್ಲಾಸಿಗೆ ಹಣ ಕಟ್ಟಬೇಡಿ, ಈ ಮಟ್ಟಕ್ಕೆ ಐಐಟಿಗಳ ಆನ್‌ಲೈನ್ ಪಾಠತಾಣವಾದ ಎನ್‌ಪಿಟಿಇಎಲ್‌ನ ಉಚಿತ ಪಾಠಗಳೂ ಹಳೆಯ ಪ್ರಶ್ನೆಪತ್ರಿಕೆಗಳೂ ಸಾಕು. ಪೋಂಡಾದ ಅಧ್ಯಾಪಕಿಯವರ ಮಾತಿನಂತೆ ಮೊದಲ ವಾರ ಚಿತ್ರಕ್ಕೆ ಮೀಸಲಿಡಲಿ; ಅವರು ಹೇಳಿದ ಮೇಲೆ ನನಗೂ ಅದೇ ಸರಿ ಎನಿಸಿದೆ. ಎರಡನೆಯ ಮತ್ತು ಮೂರನೆಯ ವಾರ ಬೈ ಪಾರ್ಟ್ಸ್ ಮತ್ತು ಒಡೆಯುವಿಕೆ, ದಿನಕ್ಕೆ ಐದೈದು ಲೆಕ್ಕ, ಪ್ರತಿಯೊಂದು ಉತ್ತರವನ್ನೂ ತಿರುಗಿಸಿ ತಾಳೆ ನೋಡುತ್ತಾ: ಅನುಕಲಿಸಿದ್ದನ್ನು ಅವಕಲಿಸಲಿ, ಒಡೆದದ್ದನ್ನು ಮತ್ತೆ ಕೂಡಿಸಲಿ. ಚಿಹ್ನೆಯ ತಪ್ಪಿಗೆ ಇದಕ್ಕಿಂತ ಉತ್ತಮ ಮದ್ದನ್ನು ನಾನು ಕಂಡಿಲ್ಲ. ನಾಲ್ಕನೆಯ ವಾರ ಅವಕಲ ಸಮೀಕರಣ, ಐದನೆಯದರಲ್ಲಿ ಪಾರ್ಷಿಯಲ್ ಡಿಫರೆನ್ಷಿಯೇಷನ್, ಆರನೆಯದರಲ್ಲಿ ಎಂ-3ರ ಲಾಪ್ಲಾಸ್ ಅಧ್ಯಾಯವನ್ನೇ ತೆರೆಯಲಿ.

ಇನ್ನು ಎನ್ ಸೊನ್ನೆಯ ಪ್ರಶ್ನೆ. ಎನ್‌ಗೆ ಬಂದ ಉತ್ತರ (ಋಣ ಒಂದರ ಎನ್ ಘಾತ, ಕಳೆ 1) ಭಾಗಿಸು ಎನ್ ವರ್ಗ. ಎನ್ ಸಮಸಂಖ್ಯೆಯಾದರೆ ಅಂಶ ಸೊನ್ನೆ. ಸೊನ್ನೆಯೂ ಸಮಸಂಖ್ಯೆಯೇ ಎಂದು ಎಣಿಸಿ ಅವನು ಸೊನ್ನೆ ಎಂದಿದ್ದಾನೆ. ಆದರೆ ಬೈ ಪಾರ್ಟ್ಸ್ ಮಾಡುವಾಗ ಎರಡು ಬಾರಿ ಎನ್‌ನಿಂದ ಭಾಗಿಸಿದ್ದೇವೆ, ಎನ್ ಸೊನ್ನೆಯಾಗಿದ್ದರೆ ಆ ಹೆಜ್ಜೆಯನ್ನೇ ಇಡುವಂತಿಲ್ಲ. ಮೂಲ ಲೆಕ್ಕಕ್ಕೆ ಮರಳಿ ಎನ್ ಜಾಗದಲ್ಲಿ ಸೊನ್ನೆ ಹಾಕಿದರೆ ಕೊಸೈನ್ 1 ಆಗಿ, ಉಳಿಯುವುದು ಎಕ್ಸ್‌ನ ಅನುಕಲನ ಮಾತ್ರ; ಅದರ ಬೆಲೆ ಪೈ ವರ್ಗದ ಅರ್ಧ. ಫೋರಿಯೇ ಶ್ರೇಣಿಯ ಪ್ರತಿ ಲೆಕ್ಕದಲ್ಲಿ ಮೊದಲ ಸ್ಥಿರಪದ ಎ-ಸೊನ್ನೆಯನ್ನು ಬೇರೆಯಾಗಿ ಕಂಡುಹಿಡಿಯುವುದು ಇದೇ ಕಾರಣಕ್ಕೆ. ಅದು ಅಲೆಯ ಸರಾಸರಿ ಬೆಲೆಯನ್ನು ಹೇಳುವ ಪದ. ಅವನ ಭಾಷೆಯಲ್ಲಿ ಹೇಳುವುದಾದರೆ, ಎಸಿಯೊಳಗೆ ಸೇರಿರುವ ಡಿಸಿ.